ತಟ್ಟೆಯೂರಿನ ಆಪಾ

ಮೊನ್ನೆ ಶ್ರೀನಿವಾಸಪುರದ ಮಂಡಿ ಮುಂದೆ ಮಾವಿನಕಾಯಿ ಗಾಡಿ ಇಳಿಸುತ್ತಿದ್ದವನೊಬ್ಬ ನನ್ನ ಗುರುತು ಹಿಡಿದು, "ಟೀಚರಮ್ಮ, ನೀವು ವೇಮಗಲ್ಲಿನೋರಲ್ವಾ? ನಿಮ್ಮ ಪಕ್ಕದ ಮನೆ ಆಪಾ ಹೋಗ್ಬಿಟ್ರು, ಗೊತ್ತಾಯ್ತಾ?" ಅಂದ. ಗೊತ್ತಾಗಿರಲಿಲ್ಲ. ಕೈಯಲ್ಲಿದ್ದ ಚೀಲ ಕೆಳಗಿಟ್ಟು ಅಲ್ಲೇ ಗಾಡಿಯ ಮೂಕಿಯ ಮೇಲೆ ಕೂತುಬಿಟ್ಟೆ. ಅವನು ಪಾಪ, ಒಂದು ಹಣ್ಣು ಒರೆಸಿ ಕೊಟ್ಟ. ಆವತ್ತು ಶಾಲೆಗೆ ತಡವಾಗಿ ಹೋದೆ.

ಆಪಾ ಅಂದರೆ ಅವರ ದಖನಿ ಮಾತಿನಲ್ಲಿ ಅಕ್ಕ. ಅವಳಿಗೊಂದು ಹೆಸರಿತ್ತು, ಆದರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಆಪಾ ಎಂದೇ ಕರೆಯುತ್ತಿದ್ದರು. ನಮ್ಮ ಅಜ್ಜಿಯೊಬ್ಬಳು ಮಾತ್ರ "ಪಕ್ಕದ ಮನೆಯೋಳು" ಅನ್ನುತ್ತಿದ್ದಳು. ಅದರ ವಿಚಾರ ಆಮೇಲೆ ಬರುತ್ತದೆ.

ನೆಟ್ಟಗೆ ಉದ್ದಕ್ಕೆ ಬೆಳೆದ ಹೆಂಗಸು. ಕನ್ನಡಕದ ಒಂದು ಕಡ್ಡಿ ಮುರಿದು ಅದರ ಜಾಗದಲ್ಲಿ ರೇಷ್ಮೆ ದಾರ ಬಂದು ಕೂತಿತ್ತು. "ಈ ಊರಲ್ಲಿ ಕಿವಿಗೆ ರೇಷ್ಮೆ ಉಟ್ಟೋಳು ನಾನೊಬ್ಬಳೇ" ಅಂತ ಜಂಬ ಕೊಚ್ಚುತ್ತಿದ್ದಳು. ಕೋಳಿಗಳನ್ನು ದಖನಿಯಲ್ಲಿ ಬಯ್ಯುತ್ತಿದ್ದಳು, ಸೌದೆ ಮಾರುವವನ ಹತ್ತಿರ ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದಳು, ನಮಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದಳು. ಬೈಗುಳಕ್ಕೆ ತೆಲುಗು ಸಾಲದು, ಕಥೆಗೆ ದಖನಿ ಬೇಡ ಅಂತ ಅವಳದೇ ಒಂದು ಕಾನೂನು. ಚೌಕಾಬಾರದಲ್ಲಿ ಮೋಸ ಮಾಡುತ್ತಿದ್ದಳು, ಸಿಕ್ಕಿಬಿದ್ದರೆ "ಅಲ್ಲಾ, ನಿನ್ನ ಕಣ್ಣು ಎಷ್ಟು ಚುರುಕು ಬೇಟಾ" ಅಂತ ಹೊಗಳಿ ಮುಂದಿನ ಆಟಕ್ಕೆ ನಮ್ಮನ್ನು ಕುರುಡು ಮಾಡುತ್ತಿದ್ದಳು.

ಅವಳ ಮನೆಯ ಕಸುಬು ರೇಷ್ಮೆ ನೂಲು ತೆಗೆಯುವುದು. ಗೂಡುಗಳನ್ನು ಕುದಿಯುವ ನೀರಿಗೆ ಹಾಕಿ, ಒಳಗಿನ ಹುಳು ಸತ್ತ ಮೇಲೆ, ಎಳೆ ಹುಡುಕಿ ಚರಕಕ್ಕೆ ಕೊಡಬೇಕು. ಗಂಡ ಚರಕ ತಿರುಗಿಸುತ್ತಿದ್ದ, ಇವಳು ಬಾಣಲೆಯ ಮುಂದೆ ಕೂತು ಎಳೆ ಕೊಡುತ್ತಿದ್ದಳು. ಆತ ಬಹಳ ಸಾಧು, ಮಾತೇ ಆಡುವವನಲ್ಲ. ಅವನ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸುತ್ತಿದ್ದಳು. ಬಿಸಿನೀರಿನಲ್ಲಿ ಬೆಂದು ಬೆಂದು ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಆ ಕೈಯಲ್ಲಿ ಕೆನ್ನೆ ಹಿಂಡಿದರೆ ಒರಟಾಗಿರುತ್ತಿತ್ತು, ಬೆಂದ ಹುಳುವಿನ ವಾಸನೆ ಬರುತ್ತಿತ್ತು. ನನಗೆ ಆ ವಾಸನೆ ಇಷ್ಟವಾಗಿತ್ತು ಅಂದರೆ ಯಾರೂ ನಂಬುವುದಿಲ್ಲ.

ನಮ್ಮ ಮನೆಯಲ್ಲಿ ಹುಳು ಸಾಕುತ್ತಿದ್ದರು. ನಾವು ಹುಳು ಸಾಕುತ್ತೇವೆ ಅಂತ ಊರು ತಿಳಿದಿತ್ತು. ನಮ್ಮನ್ನು ಆ ಹುಳುಗಳೇ ಸಾಕುತ್ತಿದ್ದವು ಅಂತ ನನ್ನ ಗುಮಾನಿ. ಮೊಟ್ಟೆ ಒಡೆದು ಸಾಸಿವೆಯಷ್ಟು ಮರಿ ಬಂದು, ಒಂದರ ಮೇಲೊಂದು ಜೋಡಿಸಿದ ಬಿದಿರಿನ ತಟ್ಟೆಗಳಲ್ಲಿ ಬಿಟ್ಟ ದಿನದಿಂದ ಮನೆಯ ಯಜಮಾನಿಕೆ ಅವುಗಳದು. ಒಗ್ಗರಣೆ ಹಾಕುವಂತಿಲ್ಲ, ಇಂಗಿನ ಡಬ್ಬಿ ಅಟ್ಟಕ್ಕೆ. ಮಲ್ಲಿಗೆ ಮುಡಿಯುವಂತಿಲ್ಲ. ಜೋರಾಗಿ ನಗುವಂತಿಲ್ಲ. ಬಾಣಂತಿಯಾದವಳು ಹುಳುವಿನ ಕೋಣೆಯ ಹೊಸ್ತಿಲು ತುಳಿಯುವಂತಿಲ್ಲ. ಮೂರನೇ ಜ್ವರ ಕಳೆದ ಮೇಲೆ ಹೊರಗಿನವರು ಯಾರೂ ಕಾಲಿಡುವಂತಿಲ್ಲ. ಜ್ವರ ಅಂದರೆ ಹುಳು ಪೊರೆ ಬಿಡುವ ಹೊತ್ತು, ಒಂದು ಬೆಳೆಗೆ ನಾಲ್ಕು ಸಲ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಅಜ್ಜಿಯದು: ಗೂಡು ಬೇಯಿಸಿದ ಕೈ ಜೀವದ ಹುಳುವಿನ ಮೇಲೆ ಬೀಳಬಾರದು. "ಆ ಕೈಯಾಗೆ ಅವು ತಮ್ಮ ಸಾವು ಮೂಸಿ ನೋಡ್ತಾವೆ" ಅನ್ನುತ್ತಿದ್ದಳು. ಆದ್ದರಿಂದ ಆಪಾ ನಮ್ಮ ಜಗಲಿಯವರೆಗೆ ಬರಬಹುದು, ಒಳಗೆ ಬರುವಂತಿರಲಿಲ್ಲ.

ಜಗಲಿಯೇ ಸಾಕಾಗಿತ್ತು. ಎಳೆಯ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪನ್ನು ಕೂದಲಿನಂತೆ ಸಣ್ಣಗೆ ಹೆಚ್ಚಬೇಕು. ಮಧ್ಯಾಹ್ನ ಶಾಲೆ ಬಿಟ್ಟು ಬಂದ ನಾನು, ಕುಂಬಾರರ ಮನೆಯ ಹುಡುಗಿ, ಶಾನುಭೋಗರ ಮೊಮ್ಮಗ, ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದೆವು. ಆಪಾ ಬಾಣಲೆಯ ಬೆಂಕಿ ಆರಿಸಿ ಬಂದು ಕಂಬಕ್ಕೆ ಒರಗುತ್ತಿದ್ದಳು. "ಕಥೆ ಅಂದ್ರೆ ಕೈ ನಿಲ್ಬಾರ್ದು ಬೇಟಾ. ಕೈ ನಿಂತ್ರೆ ಕಥೆನೂ ನಿಲ್ತದೆ" ಅನ್ನುವುದು ಅವಳ ಕರಾರು. ನಮ್ಮಪ್ಪನಿಗೆ ಈ ಕರಾರು ಬಹಳ ಹಿಡಿಸಿತ್ತು. ಕೂಲಿಯಿಲ್ಲದೆ ಸೊಪ್ಪು ಹೆಚ್ಚಿಸುವ ಕಥೆ ಯಾವನಿಗೆ ಬೇಡ?

ಬೇರೆಯವರು ರಾಜಕುಮಾರಿ, ರಾಕ್ಷಸ, ಏಳು ಸಮುದ್ರ ಅಂತ ಹೇಳಿದರೆ ಆಪಾ ವರ್ಷಾನುಗಟ್ಟಲೆ ಒಂದೇ ಊರಿನ ಕಥೆ ಹೇಳಿದಳು. ಅದರ ಹೆಸರು ತಟ್ಟೆಯೂರು.

"ಆ ಊರಿಗೆ ನೆಲ ಇಲ್ಲ. ತಟ್ಟೆ ಮೇಲೆ ತಟ್ಟೆ, ತಟ್ಟೆ ಮೇಲೆ ತಟ್ಟೆ. ಜನ ಎಲ್ಲಾ ತಟ್ಟೇಲಿ ಇರ್ತಾರೆ. ಹೊತ್ತು ಹೊತ್ತಿಗೆ ಮೇಲಿಂದ ಒಂದು ಕೈ ಬರ್ತದೆ. ಊಟ ಹಾಕ್ತದೆ, ಹೋಗ್ತದೆ. ಆ ಕೈ ಯಾರ್ದು? ಯಾರೂ ನೋಡಿಲ್ಲ. ಮುಖ ಐತಾ ಅದಕ್ಕೆ? ಯಾರಿಗೂ ಗೊತ್ತಿಲ್ಲ. ಕೇಳಿದ್ರೆ ದೊಡ್ಡೋರು ಏನಂತಾರೆ? ತಿನ್ನು ಅಂತಾರೆ."

ಮೇಲಿನ ತಟ್ಟೆಯವರು ಕೆಳಗಿನ ತಟ್ಟೆಯವರನ್ನು ಕಂಡರೆ ಮೂಗು ಮುರಿಯುತ್ತಾರೆ. ಹಾಕುವ ಸೊಪ್ಪು ಒಂದೇ. ಕೈ ದಿನಾ ತಟ್ಟೆಗಳನ್ನು ಮೇಲೆ ಕೆಳಗೆ ಮಾಡುತ್ತಲೇ ಇರುತ್ತದೆ. ಆದರೂ ಇವತ್ತು ಮೇಲಿದ್ದವನಿಗೆ ನಿನ್ನೆ ಕೆಳಗಿದ್ದದ್ದು ಮರೆತುಹೋಗಿರುತ್ತದೆ. ಆ ಊರಿನಲ್ಲಿ ಜ್ವರ ಬಂದಾಗ ಮಾತ್ರ ಜನ ತಿನ್ನುವುದು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂರುತ್ತಾರೆ. ತಲೆ ಎತ್ತಿದಾಗ ಮೇಲೇನಿದೆ ಅಂತ ಯೋಚನೆ ಶುರುವಾಗುತ್ತದೆ. ಆ ಯೋಚನೆ ಇನ್ನೇನು ಹಣ್ಣಾಗಬೇಕು, ಅಷ್ಟರಲ್ಲಿ ಜ್ವರ ಬಿಡುತ್ತದೆ, ಹೊಸ ಸೊಪ್ಪು ಬೀಳುತ್ತದೆ, ಎಲ್ಲರೂ ತಲೆ ಬಗ್ಗಿಸುತ್ತಾರೆ. ಕೊನೆಗೆ ಒಂದು ದಿನ ಎಲ್ಲರಿಗೂ ಅಪ್ಪಣೆಯಾಗುತ್ತದೆ: ನಿನ್ನ ಎಂಜಲಿನಿಂದ ನಿನ್ನ ಮನೆ ಕಟ್ಟಿಕೋ, ಚೆನ್ನಾಗಿ ಕಟ್ಟಿದವರಿಗೆ ಒಳಗೆ ಸದಾ ಸುಖ. ಎಲ್ಲರೂ ಪೈಪೋಟಿಯ ಮೇಲೆ ಕಟ್ಟಿಕೊಳ್ಳುತ್ತಾರೆ. ಯಾವ ಮನೆಗೂ ಬಾಗಿಲಿರುವುದಿಲ್ಲ. ಹೋದ ಸಲ ಕಟ್ಟಿಕೊಂಡವರು ಎಲ್ಲಿ ಹೋದರು ಅಂತ ಯಾರೂ ಕೇಳುವುದಿಲ್ಲ.

ಇಲ್ಲಿಗೆ ಬಂದಾಗ ಕುಂಬಾರರ ಹುಡುಗಿ ಪ್ರತಿ ಸಲವೂ ಮೂಗು ಒರೆಸಿಕೊಳ್ಳುತ್ತಿದ್ದಳು.

ಒಂದು ದಿನ ಶಾನುಭೋಗರ ಮೊಮ್ಮಗ ಮಣೆಯ ಮೇಲೆ ಕತ್ತಿ ಇಟ್ಟು, "ಆಪಾ, ಆ ಕೈ ನಿಮ್ದೇ ಅಲ್ವಾ? ಬೇಯಿಸೋರು ನೀವೇ ತಾನೇ?" ಅಂದ. ದೊಡ್ಡವರನ್ನು ಹೀಗೆಲ್ಲ ಕೇಳಬಹುದು ಅಂತ ನನಗೆ ತಿಳಿದಿರಲಿಲ್ಲ. ಆಪಾ ತನ್ನ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

"ಹೌದು ಕಣೋ, ನಂದೇ. ಹೊಟ್ಟೆಪಾಡು. ಅದಕ್ಕೇ ಕಥೆ ಹೇಳ್ತಿರೋದು. ಅದ್ರಲ್ಲಿ ತನ್ನ ಕೈ ಇಲ್ದೋನು ಹೇಳಿದ್ರೆ ಅದು ಚಾಡಿ ಆಗ್ತದೆ, ಕಥೆ ಆಗಲ್ಲ."

ಇಷ್ಟೇ ಆಗಿದ್ದರೆ ಅದು ಗೋಳಿನ ಕಥೆಯಾಗಿ ನಾವು ಬೇರೆ ಜಗಲಿ ಹುಡುಕಿಕೊಳ್ಳುತ್ತಿದ್ದೆವು. ಆಪಾ ಅದರ ಜೊತೆಗೆ ಒಂದು ಆಟ ಕಟ್ಟಿದ್ದಳು. ದಿನಾ ಕಥೆ ಶುರುವಾಗುವ ಮೊದಲು ಕೇಳುತ್ತಿದ್ದಳು: "ಇವತ್ತು ತಟ್ಟೆಯೂರು ಎಲ್ಲಿ ಕಾಣಿಸ್ತು?" ನಾವು ಹೋದಲ್ಲಿ ಬಂದಲ್ಲಿ ಕಣ್ಣು ಬಿಟ್ಟು ನೋಡಿ ಬಂದು ವರದಿ ಒಪ್ಪಿಸಬೇಕು. ಊರು ಕಂಡರೆ ಸಾಲದು. ಅದರಲ್ಲಿ ಒಂದು ತೂತು ಕೂಡ ಕಂಡುಕೊಂಡು ಬರಬೇಕು. ಕೆಲವು ಗೂಡುಗಳನ್ನು ಬೇಯಿಸದೆ ಬಿಡುತ್ತಾರೆ, ಚಿಟ್ಟೆ ತೂತು ಕೊರೆದು ಹೊರಗೆ ಬಂದು ಮುಂದಿನ ಬೆಳೆಗೆ ಮೊಟ್ಟೆ ಇಡಲಿ ಅಂತ. ತೂತಾದ ಗೂಡಿನಿಂದ ನೂಲು ಬರುವುದಿಲ್ಲ, ವ್ಯಾಪಾರಿ ಮುಟ್ಟುವುದಿಲ್ಲ. ಆಪಾ ಅವನ್ನು ದಾರಕ್ಕೆ ಪೋಣಿಸಿ ನಮ್ಮ ಕೊರಳಿಗೆ ಹಾಕುತ್ತಿದ್ದಳು. "ಎಲ್ಲಾನೂ ಬೇಯಿಸಿದ್ರೆ ಊರೇ ಉಳಿಯಲ್ಲ. ಇಷ್ಟು ಬುದ್ಧಿ ಆ ಕೈಗೂ ಐತೆ. ಅದಕ್ಕೇ ಎಲ್ಲಾ ಊರಲ್ಲೂ ಒಂದು ತೂತು ಇದ್ದೇ ಇರ್ತದೆ, ಹುಡುಕ್ಬೇಕು ಅಷ್ಟೇ" ಅನ್ನುತ್ತಿದ್ದಳು.

ಆಗ ಯುದ್ಧದ ಕಾಲ. ಹುಡುಕುವವರಿಗೆ ತಟ್ಟೆಯೂರಿಗೆ ಬರವಿರಲಿಲ್ಲ. ಕುಂಬಾರರ ಹುಡುಗಿ ಸೀಮೆಎಣ್ಣೆ ಅಂಗಡಿಯ ಮುಂದೆ ಸಾಲು ನಿಂತು ಬಂದು, "ಆಪಾ, ಕಿಟಕೀಲಿ ಬರೀ ಕೈ ಕಾಣ್ತಿತ್ತು! ಮುಖ ಇರ್ಲೇ ಇಲ್ಲ! ನಿಜವಾಗ್ಲೂ!" ಅಂತ ಏದುಸಿರು ಬಿಟ್ಟಳು. ಅಷ್ಟು ಸಂತೋಷದಲ್ಲಿ ಸೀಮೆಎಣ್ಣೆ ಡಬ್ಬಿ ಅಲ್ಲೇ ಮರೆತು ಬಂದಿದ್ದಳು. ತೂತೆಲ್ಲಿ ಅಂದರೆ, ಸಾಲಿನಲ್ಲಿ ಒಬ್ಬಳು ಹೆಂಗಸು ಮುದುಕರನ್ನೆಲ್ಲ ಹುಣಸೆ ಮರದ ನೆರಳಿಗೆ ಕೂರಿಸಿ ಅವರವರ ಜಾಗಕ್ಕೆ ಒಂದೊಂದು ಕಲ್ಲು ಇಟ್ಟಿದ್ದಳಂತೆ, ಯಾರೂ ಆ ಕಲ್ಲು ದಾಟಲಿಲ್ಲವಂತೆ. ಆಪಾ ಆ ದಿನ ಅವಳಿಗೆ ಎರಡು ಚೂರು ಬೆಲ್ಲ ಕೊಟ್ಟಳು. ಸಕ್ಕರೆಯಂತೂ ಯಾರ ಮನೆಯಲ್ಲೂ ಇರಲಿಲ್ಲ.

ಶಾನುಭೋಗರ ಮೊಮ್ಮಗನ ಮಾವ ಚಿನ್ನದ ಗಣಿಯಲ್ಲಿ ಗುಮಾಸ್ತ. ಸೈರನ್ ಕೂಗಿದರೆ ಕೆಲಸಗಾರರ ಒಂದು ಸಾಲು ಕಬ್ಬಿಣದ ಪಂಜರದಲ್ಲಿ ಗಣಿಯೊಳಗೆ ಇಳಿಯುವುದು, ಇನ್ನೊಂದು ಸಾಲು ಏರುವುದು, ಎರಡೂ ಸಾಲಿನವರ ಮುಖ ಒಂದೇ ಬಣ್ಣ ಅಂತ ಹುಡುಗ ವರದಿ ತಂದ. ತೂತು? ಇಳಿಯುವವರು ಕತ್ತಲಲ್ಲಿ ಹಾಡು ಹೇಳುತ್ತಾರಂತೆ, ಅದನ್ನು ನಿಲ್ಲಿಸಿ ಅಂತ ಹೇಳುವ ಧೈರ್ಯ ಯಾರಿಗೂ ಆಗಿಲ್ಲವಂತೆ. ನಾನು ಶಾಲೆಯನ್ನೇ ಹೇಳಿದೆ: ಗಂಟೆ, ಸಾಲು, ಒಂದೇ ದನಿಯಲ್ಲಿ ಮಗ್ಗಿ. ತೂತು ಯಾವುದು ಅಂದಾಗ, ಮೇಷ್ಟ್ರು ಮಗ್ಗಿ ಹೇಳಿಸುತ್ತ ಹೇಳಿಸುತ್ತ ನಿದ್ದೆಹೋದದ್ದು ಅಂದೆ. ಆಪಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹುಳುವಿಗೆ ಕೇಳಿಸೀತು ಅಂತ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಆ ವರ್ಷಗಳಲ್ಲಿ ರೇಷ್ಮೆಗೆ ಒಳ್ಳೇ ಧಾರಣೆ ಬಂತು. ವಿಮಾನದಿಂದ ಧುಮುಕುವವರ ಕೊಡೆಗೆ ರೇಷ್ಮೆ ಬೇಕಂತೆ ಅಂತ ಅಪ್ಪ ಕೋಲಾರದಿಂದ ಸುದ್ದಿ ತಂದ. "ಆಕಾಶದಿಂದ ಬೀಳೋನಿಗೆ ನಮ್ಮ ರೇಷ್ಮೆ, ನೆಲದ ಮೇಲಿರೋ ನಮಗೆ ತೇಪೆ ಸೀರೆ. ಗೌಡ್ರೇ, ಇದು ಯಾವ ಊರು ಹೇಳಿ ನೋಡೋಣ?" ಅಂದಳು ಆಪಾ. ಅಪ್ಪ ನಗುತ್ತ ಒಳಗೆ ಹೋದ. ಅಪ್ಪನಿಗೂ ಆಟ ತಿಳಿದಿತ್ತು.

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಅವಳು ಮುಳಬಾಗಿಲು ಕಡೆಯವಳು, ಸಿಟ್ಟು ಬಂದರೆ ತೆಲುಗು. ನಮ್ಮ ಕಥೆಯ ಹೊತ್ತಿಗೆ ಬಾಗಿಲ ಹಿಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ಕಥೆ ಕೇಳಿಸಿಕೊಳ್ಳುತ್ತಿದ್ದಳು ಅಂತ ನಾವಂತೂ ತಿಳಿದಿರಲಿಲ್ಲ. ಕೇಳಿದರೆ "ಪಕ್ಕದ ಮನೆಯೋಳ ಹರಟೆ ನನಗ್ಯಾಕೆ" ಅನ್ನುತ್ತಿದ್ದಳು. ಆದರೆ ದೇವರ ಮನೆಗೆ ಅಷ್ಟೊಂದು ಬತ್ತಿ ಯಾಕೆ ಬೇಕು ಅಂತ ಅಮ್ಮ ಒಂದೆರಡು ಸಲ ಬೆರಗಾಗಿದ್ದುಂಟು.

ನನ್ನ ಲೋಯರ್ ಸೆಕೆಂಡರಿ ಪರೀಕ್ಷೆ ಬಂದ ವರ್ಷ ನಡೆದದ್ದು ಇದು. ಪರೀಕ್ಷೆ ಕೋಲಾರದಲ್ಲಿ. ಮೇಷ್ಟ್ರ ಹೆಂಡತಿಯ ತವರು ಅಲ್ಲೇ ಇತ್ತು. ಆ ವಾರ ಅವರ ಮನೆಯಲ್ಲಿ ಇರಿಸಿಕೊಳ್ಳುತ್ತೇವೆ ಅಂತ ಆಕೆ ಬಂದು ಹೇಳಿ ಹೋಗಿದ್ದರು. ಅಪ್ಪನೂ ಒಪ್ಪಿದ್ದ. ಪರೀಕ್ಷೆ ಮುಗಿದ ಮೇಲೆ ಹುಳು ಹಣ್ಣಾಗುವಂತೆ ಎಣಿಸಿಯೇ ಮೊಟ್ಟೆ ತಂದಿದ್ದ. ಆದರೆ ಆ ಬೇಸಿಗೆ ಬಿಸಿಲು ಕಾದ ಕಾವಲಿಯಾಯಿತು. ಸೆಕೆಗೆ ಹುಳು ಬೇಗ ಬೆಳೆಯುತ್ತದೆ. ನಾಲ್ಕನೇ ಜ್ವರ ಎದ್ದ ಹುಳುಗಳು ದಬದಬ ತಿಂದು, ಸರಿಯಾಗಿ ಪರೀಕ್ಷೆಯ ವಾರವೇ ಹಣ್ಣಾಗುತ್ತವೆ ಅನ್ನುವುದು ಖಾತ್ರಿಯಾಯಿತು.

ಹಣ್ಣು ಹುಳು ಅಂದರೆ ಗೂಡು ಕಟ್ಟಲು ತಯಾರಾದದ್ದು. ಮೈ ದ್ರಾಕ್ಷಿಯಂತೆ ಒಳಗೆಲ್ಲ ಕಾಣುವಷ್ಟು ತಿಳಿಯಾಗುತ್ತದೆ. ಅಂಥವನ್ನು ಒಂದೊಂದೇ ನೋಡಿ ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರು ಸುತ್ತಿ ಹೆಣೆದ ಚಾಪೆಗೆ, ಬಿಡಬೇಕು. ತಡವಾದರೆ ನೂಲನ್ನು ತಟ್ಟೆಯಲ್ಲೇ ಕಾರಿ ಹಾಳು ಮಾಡುತ್ತವೆ. ಅದಕ್ಕೆ ಕಣ್ಣು ಬೇಕು. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಅಮ್ಮ ನನ್ನ ತಮ್ಮನನ್ನು ಹೆತ್ತ ಹಸಿ ಬಾಣಂತಿ. ಅಪ್ಪ ಸೊಪ್ಪು ಕೊಯ್ದು ಹೊರಬೇಕು. ಉಳಿದದ್ದು ನಾನು.

"ಬರೋ ವರ್ಷ ಬರೀವಂತೆ ಬಿಡೇ" ಅಂದ ಅಪ್ಪ. ಕೆಟ್ಟ ಮನುಷ್ಯನಲ್ಲ. ನನ್ನ ಮುಖ ನೋಡದೆ ಎತ್ತಿನ ಕಡೆ ನೋಡುತ್ತ ಅಂದ. ಬರುವ ವರ್ಷ ಅನ್ನುವುದು ಇರಲಿಲ್ಲ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮುಳಬಾಗಿಲಿನಲ್ಲಿ ಅಜ್ಜಿಯ ತಮ್ಮನ ಮನೆಯಲ್ಲಿ ಒಬ್ಬ ಮೊಮ್ಮಗನಿದ್ದ. ಶಾಲೆ ಮುಗಿದರೆ ಹುಡುಗಿಯನ್ನು ಸೊಸೆಯಾಗಿ ತಂದುಕೊಳ್ಳುತ್ತೇವೆ ಅಂತ ಅವರು ಎರಡು ಸಲ ಹೇಳಿ ಕಳಿಸಿದ್ದರು. ಪರೀಕ್ಷೆ ಪಾಸಾದರೆ ಕೋಲಾರದ ಹೈಸ್ಕೂಲು, ಇಲ್ಲದಿದ್ದರೆ ಮುಳಬಾಗಿಲು. ನನಗೆ ಮುಂದಿದ್ದದ್ದು ಇವೆರಡೇ ದಾರಿ.

ನಾನು ಅತ್ತೆ, ಊಟ ಬಿಟ್ಟೆ, ಪುಸ್ತಕಗಳನ್ನು ಹಾಸಿಗೆ ಕೆಳಗೆ ತುರುಕಿದೆ. ಆ ಮಧ್ಯಾಹ್ನ ಜಗಲಿಯಲ್ಲಿ ನಾನು ಮತ್ತು ಆಪಾ ಇಬ್ಬರೇ. ಹುಳು ದೊಡ್ಡದಾಗಿ ಈಗ ಇಡೀ ಎಲೆಯನ್ನೇ ಹಾಕಬೇಕು, ಹೆಚ್ಚುವ ಕೆಲಸವಿಲ್ಲ. ಆದರೂ ಆಪಾ ಬಂದು ಕಂಬಕ್ಕೆ ಒರಗಿದಳು. ವಿಷಯ ಅವಳಿಗೆ ಗೊತ್ತಿತ್ತು. ನಮ್ಮಿಬ್ಬರ ಮನೆ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ.

"ತಟ್ಟೆಯೂರು ಎಲ್ಲಿ ಕಾಣಿಸ್ತು ಬೇಟಾ?" ಅಂದಳು ಎಂದಿನಂತೆ.

"ನಮ್ಮನೇಲಿ."

"ತೂತು?"

"ಇಲ್ಲ. ತೂತು ಇಲ್ಲ. ನೋಡಿದೆ. ನೀವು ಹೇಳೋದೆಲ್ಲ ಸುಳ್ಳು."

ಆಪಾ ಸಮಾಧಾನ ಮಾಡಲಿಲ್ಲ. ನನ್ನ ಪರವಾಗಿ ಅಪ್ಪನ ಹತ್ತಿರ ಮಾತಾಡುತ್ತೇನೆ ಅಂತಲೂ ಅನ್ನಲಿಲ್ಲ. "ಇನ್ನೊಂದು ಸಲ ನೋಡು" ಅಂದಳು ಅಷ್ಟೇ. ನನಗೆ ಮೈ ಉರಿದುಹೋಯಿತು. ಎದ್ದು ಹೋಗೋಣ ಅಂತ ಕಾಲು ಮಡಿಸಿದೆ. ಆಗ ಬಾಗಿಲ ಹಿಂದಿನಿಂದ ಅಜ್ಜಿಯ ದನಿ ಬಂತು.

"ಏ ಆಪಾ."

ಅಜ್ಜಿ ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಆಪಾ ಸೆಟೆದು ಕೂತಳು.

"ನಿನ್ನ ಕಥೇಲಿ ಎಲ್ಲಾ ತಪ್ಪೂ ಆ ಕೈ ಮೇಲೆ ಹಾಕ್ತೀಯಲ್ಲ, ಆ ಕೈ ಎಲ್ಲಿರ್ತದೆ? ಆಕಾಶದಾಗೆ ಇರ್ತದಾ?"

"ಇಲ್ಲ ಅಜ್ಜೀ. ಅದೂ ಒಂದು ತಟ್ಟೇಲೇ ಇರ್ತದೆ. ಅದಕ್ಕಿಂತ ದೊಡ್ಡ ತಟ್ಟೆ."

"ಅದರ ಮೇಲೆ ಇನ್ನೊಂದು ಕೈ ಐತಾ?"

"ಇರ್ತದೆ."

"ಅದರ ಮೇಲೆ?"

"ಇರ್ತದೆ ಅಜ್ಜೀ. ನಾನು ಅಷ್ಟು ದೂರ ಹೋಗಿಲ್ಲ."

ಅಜ್ಜಿ ಬಾಗಿಲು ಹಿಡಿದುಕೊಂಡು ಎದ್ದು ಬಂದಳು. ಮಡಿಲಿನಿಂದ ಬತ್ತಿಗಳು ಉದುರಿದವು. ಹೊಸ್ತಿಲ ಮೇಲೆ ಕೂತು, ನನ್ನನ್ನು ನೋಡದೆ, ಆಪಾಳನ್ನೂ ನೋಡದೆ, ಪೊರೆ ಬಂದ ಕಣ್ಣಿನಿಂದ ಬೀದಿಯ ಕಡೆ ನೋಡುತ್ತ ಮಾತಾಡಿದಳು. "ನನ್ನ ಈ ಮನೆಗೆ ತಂದಾಗ ನನಗೆ ಇವಳಷ್ಟೂ ವಯಸ್ಸಿಲ್ಲ. ನಮ್ಮತ್ತೆ ನನಗೆ ಹುಳದ ಮನೆ ಕಟ್ಟಳೆ ಎಲ್ಲಾ ಹೇಳಿಕೊಟ್ಳು. ಯಾಕೆ ಅಂತ ಕೇಳಿದ್ರೆ ಸೊಪ್ಪು ಹಾಕು ಅಂದ್ಳು. ಹಾಕ್ದೆ. ಇವತ್ತಿನವರ್ಗೂ ಹಾಕ್ತಾನೇ ಇದೀನಿ. ನೀನು ಕಥೆ ಹೇಳೋವಾಗ ನಾನು ಆ ಕೈಯನ್ನ ಬೈಕೊಂಡು ಕೂತಿರ್ತಿದ್ದೆ. ಈ ಕೂಸು ಊಟ ಬಿಟ್ಟು ಅತ್ತಾಗ ಗೊತ್ತಾಯ್ತು. ಅಯ್ಯೋ, ಆ ಕೈ ನಾನೇ ಕಣೇ."

ಅಜ್ಜಿಯ ಮೇಲೆ ಅಷ್ಟು ದಿನ ಇದ್ದ ಕೋಪವೆಲ್ಲ ಕರಗಿಹೋಯಿತು.

"ಮೇಲಿರೋ ಕೈಗಳನ್ನೆಲ್ಲ ನಾನು ಎತ್ತಿಸೋಕಾಗಲ್ಲ" ಅಂದಳು ಅಜ್ಜಿ. "ನನ್ನದು ಒಂದು ಎತ್ಕೋಬೋದು. ನಾಳೆ ಬಾ ಆಪಾ. ಬಂದು ಹಣ್ಣು ಹುಳ ಆರಿಸು. ನಿನ್ನ ಕಣ್ಣು ಚೆನ್ನಾಗೈತೆ."

"ನನ್ನ ಕೈ ಅಜ್ಜೀ? ಬೇಯಿಸೋ ಕೈ" ಅಂದಳು ಆಪಾ. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಸೀಗೆಪುಡಿ ಹಾಕಿ ತೊಳ್ಕೊಂಡು ಬಾ. ನಿನ್ನ ಬಾಣಲೆ ಅಷ್ಟು ದಿನ ಹತ್ತಿಸ್ಬೇಡ. ಪೋನಿ, ಏನಾಗ್ತದೋ ಆಗ್ಲಿ."

ಆ ಧಾರಣೆಯ ದಿನಗಳಲ್ಲಿ ಒಂದು ವಾರ ಬಾಣಲೆ ಆರಿಸುವುದು ಅಂದರೆ ಅವಳಿಗೆ ಸಣ್ಣ ಮಾತಲ್ಲ. ಆಪಾ ಗಂಡನನ್ನು ಕೇಳಿ ಬರುತ್ತೇನೆ ಅಂತಲೂ ಅನ್ನಲಿಲ್ಲ. ಅಲ್ಲೇ ಕೂತಲ್ಲಿಂದ ಗೋಡೆಯಾಚೆಗೆ ದಖನಿಯಲ್ಲಿ ಕೂಗಿ ಹೇಳಿದಳು. ಆಚೆಯಿಂದ ಆತ "ಹೌ" ಅಂದ. ಆತನ ದನಿಯನ್ನು ನಾನು ಸ್ಪಷ್ಟವಾಗಿ ಕೇಳಿದ್ದು ಆಗಲೇ.

ಅಪ್ಪ ಸಂಜೆ ಸೊಪ್ಪಿನ ಹೊರೆ ಇಳಿಸಿ ವಿಷಯ ಕೇಳಿ ಹೌಹಾರಿದ. "ಅಮ್ಮಾ, ಇಷ್ಟು ವರ್ಷದ ಕಟ್ಟಳೆ..." ಅಂತ ಶುರು ಮಾಡಿದ. "ಕಟ್ಟಳೆ ಹೇಳ್ದೋಳು ನಾನು, ಬಿಡೋಳೂ ನಾನೇ. ನೀನು ಎತ್ತಿಗೆ ನೀರು ತೋರಿಸು ಹೋಗು" ಅಂದಳು ಅಜ್ಜಿ. ಅಪ್ಪ ಹೋದ.

ಮಾರನೆಯ ಬೆಳಿಗ್ಗೆ ಆಪಾ ತೊಳೆದ ಸೀರೆ ಉಟ್ಟು, ಕೈಗಳನ್ನು ಮುಂದೆ ಚಾಚಿಕೊಂಡು, ಎಲ್ಲಿಯೂ ತಾಗಿಸದೆ ನಮ್ಮ ಬಾಗಿಲಿಗೆ ಬಂದಳು. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತಳು. ಅಜ್ಜಿ ಆ ಕೈ ಹಿಡಿದು ಮೂಸಿ ನೋಡಿ, "ಹ್ಞೂಂ, ಬಾ" ಅಂತ ಒಳಗೆ ಕರೆದುಕೊಂಡಳು. ನಾನು ಅದನ್ನು ನೋಡಿಯೇ ಬಸ್ಸಿಗೆ ಹೊರಟೆ. ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಅದು. ದಿಬ್ಬ ಬಂದರೆ ನಾವೇ ಇಳಿದು ತಳ್ಳಬೇಕಿತ್ತು. ನಾನು ಎಲ್ಲರಿಗಿಂತ ಮೊದಲು ಇಳಿದು ತಳ್ಳಿದೆ.

ಪರೀಕ್ಷೆ ಹೇಗೆ ಬರೆದೆ ಅಂತ ನನಗೇ ನೆನಪಿಲ್ಲ. ನೆನಪಿರುವುದು ಭಯ ಮಾತ್ರ. ಹುಳುವಿಗೆ ಏನಾದರೂ ಆದರೆ ಊರು ಆಪಾಳ ಕೈಯನ್ನು ಬೈಯುತ್ತದೆ, ಅಜ್ಜಿಯನ್ನು ಬೈಯುತ್ತದೆ, ಇನ್ನು ಯಾವ ಹುಡುಗಿಗೂ ಪರೀಕ್ಷೆಗೆ 'ಹೋಗು' ಅನ್ನುವುದಿಲ್ಲ. ಉತ್ತರ ಬರೆಯುತ್ತ ಬರೆಯುತ್ತ ದೇವರಿಗೆ ಹುಳುಗಳ ಪರವಾಗಿ ಕೈಮುಗಿದವಳು ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದಿರಬೇಕು.

ಮುಗಿಸಿ ಬಂದು, ಕಾಲು ತೊಳೆದು, ಹುಳುವಿನ ಕೋಣೆಯ ಬಾಗಿಲಿಗೆ ಓಡಿದೆ. ಒಂದು ಕಡೆಯ ತಟ್ಟೆಗಳು ಖಾಲಿ. ಹಿತ್ತಿಲಲ್ಲಿ ಗುಂಡಿ ತೋಡಿ ಸುಣ್ಣ ಚೆಲ್ಲಿದ್ದರು. ಹಾಲುತೊಂಡೆ ರೋಗ ಬಂದು ಒಂದು ಪಾಲು ಹುಳು ಹೋಗಿದ್ದವು. ಒಳಗೆ ಅಜ್ಜಿ ತಟ್ಟೆ ಹಿಡಿದಿದ್ದಳು, ಆಪಾ ಕನ್ನಡಕ ಏರಿಸಿಕೊಂಡು ಹುಳು ಆರಿಸುತ್ತಿದ್ದಳು. ಇಬ್ಬರೂ ಸೋತು ಸುಣ್ಣವಾಗಿದ್ದರು. ಬಾಗಿಲಲ್ಲಿ ನಿಂತಿದ್ದ ಅಪ್ಪ ಖಾಲಿ ತಟ್ಟೆಗಳ ಕಡೆ ನೋಡುತ್ತಿದ್ದ.

"ಏನೋ ಹಂಗೆ ನೋಡ್ತೀಯ?" ಅಂದಳು ಅಜ್ಜಿ ಅಪ್ಪನಿಗೆ. "ಹಾಲುತೊಂಡೆ ಹೋದ ವರ್ಷ ಬಂದಿರ್ಲಿಲ್ವಾ? ಆವಾಗ ಯಾವ ಕೈ ಬಿದ್ದಿತ್ತು? ನಂದೇ ತಾನೇ?"

ಅಪ್ಪ ತಲೆ ಕೆರೆದುಕೊಂಡ. ಆಪಾ ತಲೆ ಎತ್ತಲಿಲ್ಲ, ಅವಳ ಬೆರಳು ಮಾತ್ರ ಒಂದು ಕ್ಷಣ ನಿಂತಿತು. ಅಜ್ಜಿ ನನ್ನ ಕಾಲಿನ ಸದ್ದು ಹಿಡಿದು ಈ ಕಡೆ ತಿರುಗಿದಳು. ಪರೀಕ್ಷೆ ಹೇಗಾಯಿತು ಅಂತ ಕೇಳುತ್ತಾಳೆ ಅಂದುಕೊಂಡೆ.

"ಬಂದ್ಯಾ? ಇದಾದ ಮೇಲೆ ಇನ್ನೂ ಒಂದು ದೊಡ್ಡ ಪರೀಕ್ಷೆ ಐತಂತಲ್ಲ ಹೈಸ್ಕೂಲಾಗೆ, ಆಪಾ ಹೇಳ್ತಿದ್ಳು. ಅದು ಯಾವಾಗ ಅಂತ ಮೇಷ್ಟ್ರನ್ನ ಕೇಳ್ಕೊಂಡು ಬಾ. ಆ ಬೇಸಿಗೆ ನಾವು ಹುಳ ಮಾಡೋದು ಬೇಡ."

"ಒಂದು ಬೆಳೆ ಬಿಡೋದಾ ಅಮ್ಮಾ?" ಅಂದ ಅಪ್ಪ.

"ಬಿಡೋದು. ನನ್ನ ಕಣ್ಣು ಹೋದಂಗೆ ನಿನ್ನ ಕಿವಿ ಹೋಯ್ತಾ?"

ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಆ ತಟ್ಟೆಗಳ ನಡುವೆ ನಿಂತು ಜೋರಾಗಿ ಅತ್ತುಬಿಟ್ಟೆ. ಅಜ್ಜಿ ಗಾಬರಿಯಾಗಿ, "ಲೇ, ಹುಳದ ಮನೇಲಿ ಅಳಬಾರ್ದು ಕಣೇ, ಆಚೆ ಹೋಗು" ಅಂದಳು.

"ಅಳ್ಲಿ ಬಿಡಿ ಅಜ್ಜೀ" ಅಂದಳು ಆಪಾ. ಅವಳ ಕನ್ನಡಕವೂ ಮಂಜಾಗಿತ್ತು, ಕೈ ತಾಗಿಸಬಾರದಲ್ಲ, ಒರೆಸಿಕೊಳ್ಳದೆ ಹಾಗೇ ನಿಂತಿದ್ದಳು. "ಹುಳ ಏನೂ ಅಂದ್ಕೊಳ್ಳಲ್ಲ. ಅಳ್ಲಿ."

ನಾನು ಅಲ್ಲೇ ನಿಂತು ಹೊಟ್ಟೆ ತುಂಬ ಅತ್ತೆ.